ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಯಾವುದನ್ನು ಆರಿಸಬೇಕು, ಯಾವ ಕ್ರಮದಲ್ಲಿ ಹಾಕಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನದ್ದೋ ಅದರ ನಂತರದ್ದೋ ಇರಬೇಕು. ದಾವಣಗೆರೆಯ ಹಾಸ್ಟೆಲ್ ರೂಮುಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ, ಚನ್ನಗಿರಿ ಕಡೆಯ ಅಡಿಕೆ ಮಂಡಿಗಳಲ್ಲಿ ಇನ್ನೂ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳಿಗೆ ಆ ಅರ್ಹತೆ ಇಲ್ಲ. ಹಾಗಾಗಿ ಜನ ವಿಂಡೋಸ್ ಬದಲು ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಕಡೆ ಬರುತ್ತಿದ್ದಾರೆ. ಬಂದವರಲ್ಲಿ ಸುಮಾರು ಜನ ವಾರದೊಳಗೆ ವಾಪಸ್ ಹೋಗುತ್ತಿದ್ದಾರೆ.

ಅವರು ಎಡವುವ ಜಾಗ ಮಾತ್ರ ಒಂದೇ. ವಿಡಿಯೋದಲ್ಲಿ ಚೆಂದ ಕಂಡದ್ದನ್ನು ಮೊದಲು ಆರಿಸುತ್ತಾರೆ. ಆಮೇಲೆ ಡಿಸ್ಕ್ ಅಳಿಸುತ್ತಾರೆ. ಎಲ್ಲಾ ಮುಗಿದ ಮೇಲೆ ಲೆಕ್ಕದ ಟ್ಯಾಲಿ ಎಲ್ಲಿ, ಕನ್ನಡ ಟೈಪಿಂಗ್‌ನ ನುಡಿ ಎಲ್ಲಿ, ಪ್ರಿಂಟರ್ ಯಾಕೆ ಕಾಣುತ್ತಿಲ್ಲ ಎಂದು ಹುಡುಕಲು ಶುರು ಮಾಡುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಮೊದಲು ನಿಮ್ಮ ಕೆಲಸ, ಆಮೇಲೆ ಯಂತ್ರ, ಆಮೇಲೆ ಆಯ್ಕೆ, ಆಮೇಲೆ ಪರೀಕ್ಷೆ, ಕೊನೆಗೆ ಇನ್‌ಸ್ಟಾಲ್. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಯಾವುದನ್ನೂ ಹಾರಿಸಬೇಡಿ.

ಹಂತ 1: ನಿಮ್ಮ ಕೆಲಸದ ಪಟ್ಟಿ ಬರೆಯಿರಿ

ಒಂದು ಹಾಳೆ ತಗೊಳ್ಳಿ. ಈ ಕಂಪ್ಯೂಟರ್‌ನಲ್ಲಿ ಕಳೆದ ತಿಂಗಳು ನೀವು, ನಿಮ್ಮ ಮನೆಯವರು, ಅಂಗಡಿಯ ಹುಡುಗರು ಏನೇನು ತೆರೆದಿರಿ ಎಂದು ನೆನಪಿಸಿಕೊಂಡು ಬರೆಯಿರಿ. ಪ್ರೋಗ್ರಾಂ ಅಷ್ಟೇ ಅಲ್ಲ, ಚುಚ್ಚಿದ ಯಂತ್ರಗಳನ್ನೂ ಬರೆಯಿರಿ: ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್, ಬಾರ್‌ಕೋಡ್ ಗನ್. ಈಗ ಪಟ್ಟಿಯನ್ನು ಮೂರು ಗುಂಪು ಮಾಡಿ.

ಮೊದಲ ಗುಂಪು, ತಲೆಬಿಸಿ ಇಲ್ಲದ ಕೆಲಸಗಳು. ಬ್ರೌಸರ್‌ನಲ್ಲಿ ಆಗುವ ಎಲ್ಲವೂ ಇಲ್ಲಿ ಬರುತ್ತದೆ. ಸೇವಾ ಸಿಂಧು ಅರ್ಜಿ, ಬ್ಯಾಂಕ್ ವ್ಯವಹಾರ, ವಾಟ್ಸ್ಆ್ಯಪ್ ವೆಬ್, ಯೂಟ್ಯೂಬ್, ಜಿಮೇಲ್. ಫೈರ್‌ಫಾಕ್ಸ್, ಕ್ರೋಮ್ ಎರಡೂ ಲಿನಕ್ಸ್‌ನಲ್ಲಿವೆ. ಝೂಮ್ ಇದೆ, ಎನಿಡೆಸ್ಕ್ ಇದೆ, ವಿಎಲ್‌ಸಿ ಇದೆ. ಸಿ, ಪೈಥಾನ್, ಜಾವಾ ಕಲಿಯುವ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಲಿನಕ್ಸ್ ವಿಂಡೋಸ್‌ಗಿಂತ ಸಲೀಸು. ಮ್ಯಾಟ್‌ಲ್ಯಾಬ್‌ಗೂ ಲಿನಕ್ಸ್ ಆವೃತ್ತಿ ಇದೆ.

ಎರಡನೇ ಗುಂಪು, ಬದಲಿ ಇದ್ದರೂ ಹೊಂದಿಕೊಳ್ಳಬೇಕಾದ ಕೆಲಸಗಳು. ಎಂಎಸ್ ಆಫೀಸ್ ಬದಲು ಲಿಬ್ರೆಆಫೀಸ್, ಫೋಟೋಶಾಪ್ ಬದಲು ಗಿಂಪ್. ಮನೆಯ ಪತ್ರ, ಸಣ್ಣ ಲೆಕ್ಕದ ಶೀಟ್, ಕಾಲೇಜಿನ ಅಸೈನ್‌ಮೆಂಟ್‌ಗೆ ಲಿಬ್ರೆಆಫೀಸ್ ಧಾರಾಳವಾಗಿ ಸಾಕು. ಆದರೆ ಮ್ಯಾಕ್ರೋ ತುಂಬಿದ ಎಕ್ಸೆಲ್ ಫೈಲ್ ಇದ್ದರೆ ಅದು ಹಾಗೇ ಓಡುತ್ತದೆ ಎಂದು ನಂಬಬೇಡಿ. ಲಿಬ್ರೆಆಫೀಸ್ ವಿಂಡೋಸ್‌ಗೂ ಉಚಿತವಾಗಿ ಸಿಗುತ್ತದೆ. ಈಗಲೇ ಅದನ್ನು ವಿಂಡೋಸ್‌ನಲ್ಲಿ ಹಾಕಿಕೊಂಡು ನಿಮ್ಮ ಫೈಲ್‌ಗಳನ್ನು ತೆರೆದು ನೋಡಿ. ಹೊಂದುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಮೂರನೇ ಗುಂಪೇ ಅಪಾಯದ್ದು. ಟ್ಯಾಲಿ, ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಕೋರೆಲ್ ಡ್ರಾ, ಪೇಜ್‌ಮೇಕರ್ ಇವು ಯಾವುವಕ್ಕೂ ಈಗ ಲಿನಕ್ಸ್ ಆವೃತ್ತಿ ಇಲ್ಲ. ವೈನ್ ಎಂಬ ಸಾಫ್ಟ್‌ವೇರ್ ಕೆಲವು ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸುತ್ತದೆ, ನಿಜ. ಆದರೆ ದಿನದ ವ್ಯಾಪಾರದ ಲೆಕ್ಕವನ್ನು ಅದರ ಮೇಲೆ ನಿಲ್ಲಿಸಬಾರದು. ಆಧಾರ್ ಬೆರಳಚ್ಚು ಸಾಧನಗಳ ಸಾಫ್ಟ್‌ವೇರ್ ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಬರುತ್ತದೆ. ಟೆಂಡರ್, ಜಿಎಸ್‌ಟಿಗೆ ಡಿಎಸ್‌ಸಿ ಟೋಕನ್ ಬಳಸುವವರು, ಲಾಕ್ ಮಾಡಿದ ಬ್ರೌಸರ್‌ನಲ್ಲಿ ಆನ್‌ಲೈನ್ ಪರೀಕ್ಷೆ ಬರೆಯುವವರು ಕೂಡ ಇದೇ ಗುಂಪಿಗೆ ಸೇರುತ್ತಾರೆ. ಆಟ ಆಡುವವರಿಗೂ ಒಂದು ಮಾತು: ವ್ಯಾಲೊರಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ.

ಮೂರನೇ ಗುಂಪಿನಲ್ಲಿ ಒಂದೇ ಒಂದು ಹೆಸರಿದ್ದರೂ ವಿಂಡೋಸ್ ಅಳಿಸಬೇಡಿ. ಎರಡನ್ನೂ ಪಕ್ಕಪಕ್ಕ ಇಡುವ ಡ್ಯುಯಲ್ ಬೂಟ್ ನಿಮ್ಮ ದಾರಿ. ಅಂಗಡಿಯ ಇಡೀ ವ್ಯವಹಾರವೇ ಟ್ಯಾಲಿ ಮೇಲಿದ್ದು, ಇರುವುದು ಒಂದೇ ಕಂಪ್ಯೂಟರ್ ಆದರೆ ನನ್ನ ಸಲಹೆ ಇನ್ನೂ ನೇರ: ಆ ಯಂತ್ರಕ್ಕೆ ಲಿನಕ್ಸ್ ಹಾಕಲೇಬೇಡಿ, ಮನೆಯದ್ದಕ್ಕೆ ಹಾಕಿ.

ಹಂತ 2: ಯಂತ್ರವನ್ನು ನೋಡಿ

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ "ಸಿಸ್ಟಮ್ ಇನ್‌ಫರ್ಮೇಶನ್" ತೆರೆಯಿರಿ. ಮೂರು ವಿಷಯ ಬರೆದುಕೊಳ್ಳಿ: ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು, ಬಯೋಸ್ ಮೋಡ್ ಎದುರು ಯುಇಎಫ್‌ಐ ಎಂದಿದೆಯೋ ಲೆಗಸಿ ಎಂದಿದೆಯೋ. ಬಯೋಸ್ ಎಂದರೆ ಕಂಪ್ಯೂಟರ್ ಆನ್ ಆಗುತ್ತಲೇ ಮೊದಲು ಓಡುವ ಒಳಗಿನ ಪ್ರೋಗ್ರಾಂ. ಯುಇಎಫ್‌ಐ ಅದರ ಹೊಸ ಬಗೆ, ಲೆಗಸಿ ಹಳೆಯದು. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ವಿಂಡೋಸ್ ಒಂದು ಮೋಡ್‌ನಲ್ಲಿ, ಲಿನಕ್ಸ್ ಇನ್ನೊಂದರಲ್ಲಿ ಕೂತರೆ ಆನ್ ಮಾಡುವಾಗ ಆಯ್ಕೆಯ ಪಟ್ಟಿ ಸರಿಯಾಗಿ ಬರುವುದಿಲ್ಲ.

ಆಮೇಲೆ ಡಿಸ್ಕ್‌ನ ಆರೋಗ್ಯ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ ನೋಡಿ. ನೀಲಿ ಬಣ್ಣದಲ್ಲಿ "ಗುಡ್" ಎಂದಿದ್ದರೆ ಸರಿ. ಹಳದಿಯಲ್ಲಿ "ಕಾಷನ್" ಬಂದರೆ, ಅಥವಾ ಹಾರ್ಡ್‌ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಇವತ್ತೇ ಡೇಟಾ ತೆಗೆದುಕೊಳ್ಳಿ, ಡಿಸ್ಕ್ ಬದಲಾಯಿಸಿ. ಸಾಯುತ್ತಿರುವ ಡಿಸ್ಕ್‌ಗೆ ಯಾವ ಲಿನಕ್ಸ್ ಹಾಕಿದರೂ ನಿಧಾನವೇ.

ಹಾಗೆ ನೋಡಿದರೆ, ಹಳೇ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸುವುದು ನೀವು ಮಾಡಬಹುದಾದ ಅತ್ಯಂತ ಲಾಭದ ಖರ್ಚು. ಲಿನಕ್ಸ್ ಆಯ್ಕೆಗಿಂತ ಜಾಸ್ತಿ ವ್ಯತ್ಯಾಸ ಅದರಿಂದಲೇ ಆಗುತ್ತದೆ. 256 ಜಿಬಿ ಇದ್ದರೆ ಡ್ಯುಯಲ್ ಬೂಟ್‌ಗೂ ಜಾಗ ಸಿಗುತ್ತದೆ. ಹಳೇ ಡಿಸ್ಕ್ ತೆಗೆದಿಟ್ಟರೆ ಅದೇ ನಿಮ್ಮ ಬ್ಯಾಕಪ್ ಕೂಡ ಆಯಿತು.

ಹಂತ 3: ಯಾವ ಲಿನಕ್ಸ್

ಲಿನಕ್ಸ್ ಎನ್ನುವುದು ಒಂದೇ ಡೆಸ್ಕ್‌ಟಾಪ್ ಅಲ್ಲ. ನೂರಾರು ಬಗೆ ಇವೆ, ಹೊಸಬರು ಅಲ್ಲೇ ಕಂಗಾಲಾಗುತ್ತಾರೆ. ನಿಮಗೆ ಬೇಕಾದ್ದು ಮೂರೇ ಗುಣ: ವಿಂಡೋಸ್ ಬಳಸಿದ ಕೈಗೆ ಪರಿಚಿತವಾಗಿರಬೇಕು, ಹಲವು ವರ್ಷ ಅಪ್‌ಡೇಟ್ ಬರಬೇಕು, ತೊಂದರೆಯಾದಾಗ ನೆಟ್‌ನಲ್ಲಿ ಹುಡುಕಿದರೆ ಉತ್ತರ ಸಿಗಬೇಕು. ಈ ಮೂರರಲ್ಲೂ ಪಾಸಾಗುವವು ಬೆರಳೆಣಿಕೆಯಷ್ಟು.

ನಾನು ಹೆಚ್ಚಿನವರಿಗೆ ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ, ಪಟ್ಟಿಯಲ್ಲಿ ತೆರೆದ ಕಿಟಕಿಗಳು. ನಿಮ್ಮ ತಂದೆಯವರು ವಿಂಡೋಸ್ 7 ಬಳಸಿದ್ದರೆ ಅವರಿಗೂ ಹೇಳಿಕೊಡಬೇಕಾಗಿಲ್ಲ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಇದರಲ್ಲಿ ಮೂರು ರೂಪ ಸಿಗುತ್ತವೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ರ‍್ಯಾಮ್ 8 ಜಿಬಿ ಇದ್ದರೆ ಸಿನಮನ್. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ. ಮಾಟೆ ಬಗ್ಗೆ ಹೊಸಬರು ಯೋಚಿಸಬೇಕಾಗಿಲ್ಲ.

ನೋಟ ಚೆಂದ ಇರಬೇಕು, ವಿಂಡೋಸ್ 11ರ ಹಾಗೆ ಕಾಣಬೇಕು ಎನ್ನುವವರಿಗೆ ಝೋರಿನ್ ಓಎಸ್. ಇದರ ಕೋರ್ ಆವೃತ್ತಿ ಉಚಿತ, ಪ್ರೊಗೆ ದುಡ್ಡು. ಕೋರ್ ಸಾಕು. ಝೋರಿನ್ 18 ಬಂದದ್ದು ವಿಂಡೋಸ್ 10 ನಿಂತ ದಿನವೇ. 8 ಜಿಬಿ ರ‍್ಯಾಮ್ ಇಲ್ಲದೆ ಇದನ್ನು ನಾನು ಹೇಳುವುದಿಲ್ಲ.

ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಉಬುಂಟು ಕೂಡ ಒಳ್ಳೆಯ ಆಯ್ಕೆ. ಕೋಡಿಂಗ್ ಪಾಠಗಳು, ಸಾಫ್ಟ್‌ವೇರ್ ಕಂಪನಿಗಳ ಸೂಚನೆಗಳು ಬಹಳ ಸಲ ಉಬುಂಟುವನ್ನೇ ಹಿಡಿದು ಬರೆದಿರುತ್ತವೆ. ಆದರೆ ಅದರ ಡೆಸ್ಕ್‌ಟಾಪ್ ವಿಂಡೋಸ್‌ನಂತಿಲ್ಲ, ಮೊದಲ ಕೆಲವು ದಿನ ಕೈ ತಡವರಿಸುತ್ತದೆ. ಹಾಕುವುದಾದರೆ ಎಲ್‌ಟಿಎಸ್ ಎಂದು ಬರೆದದ್ದನ್ನೇ ಹಾಕಿ. ಅದು ಸಮಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಅಪ್‌ಡೇಟ್ ಇರುತ್ತದೆ. ನಡುವೆ ಬರುವ ಆವೃತ್ತಿಗಳಿಗೆ ಬರೀ ಒಂಬತ್ತು ತಿಂಗಳು.

2 ಜಿಬಿ ರ‍್ಯಾಮ್‌ನ ಯಂತ್ರಕ್ಕೆ ಲುಬುಂಟು ಅಥವಾ ಎಂಎಕ್ಸ್ ಲಿನಕ್ಸ್ ಹಾಕಬಹುದು. ಅದು ಓಡುತ್ತದೆ, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ನಿಲ್ಲುತ್ತದೆ. ಸಾಧ್ಯವಾದರೆ ಇನ್ನೊಂದು ರ‍್ಯಾಮ್ ಹಾಕಿಸಿ.

ಕಾಲಿ ಲಿನಕ್ಸ್ ಬೇಡ. ಹಾಸ್ಟೆಲ್‌ಗಳಲ್ಲಿ ಹುಡುಗರು ಮೊದಲು ಹಾಕುವುದು ಅದನ್ನೇ. ಅದು ಸೆಕ್ಯುರಿಟಿ ಪರೀಕ್ಷೆ ಮಾಡುವವರಿಗೆ ಮಾಡಿದ್ದು, ದಿನಬಳಕೆಗೆ ಅಲ್ಲ. ಆರ್ಚ್ ಕೂಡ ಮೊದಲ ಲಿನಕ್ಸ್ ಆಗಬಾರದು. ಫೆಡೋರಾ ಒಳ್ಳೆಯದೇ, ಆದರೆ ಪ್ರತಿ ಆವೃತ್ತಿಗೂ ಸುಮಾರು 13 ತಿಂಗಳು ಮಾತ್ರ ಬೆಂಬಲ. ಮೇಲಿಂದ ಮೇಲೆ ಮೇಲ್ದರ್ಜೆಗೆ ಏರಿಸುತ್ತಿರಬೇಕು.

ಇನ್ನೂ ಗೊಂದಲ ಇದೆಯಾ? ಮಿಂಟ್ ಎಂದು ಬರೆದುಕೊಂಡು ಮುಂದೆ ಹೋಗಿ.

ಹಂತ 4: ಸಾಮಾನು ಮತ್ತು ಡೌನ್‌ಲೋಡ್

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಒಂದು, ಖಾಲಿ ಇರಬೇಕು. ಬ್ಯಾಕಪ್‌ಗೆ ಬೇರೆ ಹೊರಗಿನ ಹಾರ್ಡ್‌ಡಿಸ್ಕ್. ಚಾರ್ಜರ್. ಆಂಡ್ರಾಯ್ಡ್ ಫೋನ್ ಮತ್ತು ಅದರ ಡೇಟಾ ಕೇಬಲ್. ಫೋನ್ ಯಾಕೆ ಎಂದು ಹಂತ 6ರಲ್ಲಿ ಹೇಳುತ್ತೇನೆ.

ಇಡೀ ಲಿನಕ್ಸ್ ಒಂದೇ ಕಡೆ ತುಂಬಿರುವ ಐಎಸ್ಒ ಫೈಲನ್ನು ಆಯಾ ಲಿನಕ್ಸ್‌ನ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿ. ಮಿಂಟ್ ಆದರೆ ಸುಮಾರು 3 ಜಿಬಿ. ಇಲ್ಲೊಂದು ಅಪಾಯ ಇದೆ. ನಮ್ಮಲ್ಲಿ ಜಾಸ್ತಿ ಜನ ದಿನಕ್ಕೆ ಇಷ್ಟು ಜಿಬಿ ಎಂಬ ಮೊಬೈಲ್ ಪ್ಲ್ಯಾನ್‌ನಲ್ಲಿ ಇಳಿಸುತ್ತಾರೆ. ಮಿತಿ ಮುಗಿದು ವೇಗ ಬೀಳುತ್ತದೆ, ಡೌನ್‌ಲೋಡ್ ಅರ್ಧಕ್ಕೆ ಕಡಿಯುತ್ತದೆ, ಆದರೂ ಒಮ್ಮೊಮ್ಮೆ ಫೈಲ್ ಪೂರ್ತಿ ಬಂದ ಹಾಗೆ ಕಾಣುತ್ತದೆ. ಅದರಿಂದ ಮಾಡಿದ ಪೆನ್‌ಡ್ರೈವ್ ಇನ್‌ಸ್ಟಾಲ್‌ನ ಮಧ್ಯೆ ಕೈಕೊಡುತ್ತದೆ. ಇದಕ್ಕೆ ಸುಲಭ ಉಪಾಯ ಟಾರೆಂಟ್, ಅಂದರೆ ಫೈಲನ್ನು ತುಂಡು ತುಂಡಾಗಿ ಇಳಿಸುವ ವಿಧಾನ. ಮಿಂಟ್‌ನವರೇ ಅಧಿಕೃತ ಟಾರೆಂಟ್ ಕೊಡುತ್ತಾರೆ. ಇವತ್ತು ನಿಂತರೆ ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ, ತುಂಡುಗಳು ಸರಿ ಇವೆಯೇ ಎಂದು ತಾನೇ ನೋಡಿಕೊಳ್ಳುತ್ತದೆ.

ನೇರವಾಗಿ ಇಳಿಸಿದರೆ, ಫೈಲ್ ಸರಿಯಾಗಿ ಬಂದಿದೆಯೇ ಎಂದು ತಿಳಿಸುವ ಚೆಕ್‌ಸಮ್ ನೋಡಲೇಬೇಕು. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಐಎಸ್ಒ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಆರಿಸಿ. ಬರುವ ಉದ್ದನೆಯ ಸಾಲನ್ನು ವೆಬ್‌ಸೈಟ್‌ನಲ್ಲಿ ಕೊಟ್ಟ ಸಾಲಿನ ಜೊತೆ ಹೋಲಿಸಿ. ಒಂದಕ್ಷರ ಬೇರೆಯಾದರೂ ಫೈಲ್ ಅಳಿಸಿ ಮತ್ತೆ ಇಳಿಸಿ.

ಹಂತ 5: ಪೆನ್‌ಡ್ರೈವ್ ತಯಾರಿ

ಐಎಸ್ಒ ಫೈಲನ್ನು ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದರೆ ಅದರಿಂದ ಕಂಪ್ಯೂಟರ್ ಆನ್ ಆಗುವುದಿಲ್ಲ. ಬಲೇನಾ ಎಚರ್ ಅಥವಾ ರೂಫಸ್ ಬಳಸಿ ಬರೆಯಬೇಕು. ಎಚರ್‌ನಲ್ಲಿ ಮೂರೇ ಗುಂಡಿ: ಫೈಲ್ ಆರಿಸಿ, ಪೆನ್‌ಡ್ರೈವ್ ಆರಿಸಿ, ಫ್ಲ್ಯಾಶ್ ಒತ್ತಿ. ಬ್ಯಾಕಪ್ ಹಾರ್ಡ್‌ಡಿಸ್ಕ್ ಆಗ ಚುಚ್ಚಿರಬಾರದು. ತಪ್ಪು ಡ್ರೈವ್ ಆರಿಸಿದರೆ ಅದರಲ್ಲಿದ್ದದ್ದು ಹೋಗುತ್ತದೆ.

ಬರೆದು ಮುಗಿದ ಕೂಡಲೇ ವಿಂಡೋಸ್ "ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳಬಹುದು. ಕ್ಯಾನ್ಸಲ್ ಒತ್ತಿ. ಪೆನ್‌ಡ್ರೈವ್ ಹಾಳಾಗಿಲ್ಲ, ಅದರ ಹೊಸ ರೂಪ ವಿಂಡೋಸ್‌ಗೆ ಓದಲು ಬರುವುದಿಲ್ಲ ಅಷ್ಟೇ. ಇಲ್ಲಿ ಫಾರ್ಮ್ಯಾಟ್ ಒತ್ತಿದರೆ ಬರೆದದ್ದೆಲ್ಲಾ ಹೋಯಿತು, ಮತ್ತೆ ಮೊದಲಿಂದ ಮಾಡಬೇಕು.

ಹಂತ 6: ಇನ್‌ಸ್ಟಾಲ್ ಮಾಡದೆ ಓಡಿಸಿ ನೋಡಿ

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯ ಹಂತ ಇದು. ಜನ ಹಾರಿಸುವುದೂ ಇದನ್ನೇ. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಪೂರ್ತಿ ಓಡುತ್ತದೆ, ಇನ್‌ಸ್ಟಾಲ್ ಒತ್ತುವವರೆಗೆ ನಿಮ್ಮ ಡಿಸ್ಕ್ ತಂಟೆಗೆ ಬರುವುದಿಲ್ಲ. ಮದುವೆಗೆ ಮೊದಲು ಎರಡು ಮನೆಯವರು ಕೂತು ಮಾತಾಡುವಂತೆ, ನಿಮ್ಮ ಯಂತ್ರಕ್ಕೂ ಈ ಲಿನಕ್ಸ್‌ಗೂ ಹೊಂದುತ್ತದೆಯೇ ಎಂದು ಇಲ್ಲೇ ನೋಡಿಬಿಡಿ.

ಒಂದು ಎಚ್ಚರಿಕೆ: ಹಂತ 7ರಲ್ಲಿ ಹೇಳುವ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಕೀಯನ್ನು ಇದಕ್ಕೂ ಮೊದಲೇ ಬರೆದಿಟ್ಟುಕೊಳ್ಳಿ.

ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಆನ್ ಮಾಡುತ್ತಲೇ ಬೂಟ್ ಮೆನುವಿನ ಕೀ ಒತ್ತುತ್ತಿರಿ. ಡೆಲ್, ಲೆನೊವೊ, ಏಸರ್‌ಗೆ ಸಾಮಾನ್ಯವಾಗಿ ಎಫ್12. ಎಚ್‌ಪಿಗೆ ಎಫ್9. ಆಸುಸ್ ಲ್ಯಾಪ್‌ಟಾಪ್‌ಗೆ ಎಸ್ಕೇಪ್. ಕೆಲವು ಏಸರ್‌ಗಳಲ್ಲಿ ಎಫ್12 ಕೆಲಸ ಮಾಡಬೇಕಾದರೆ ಮೊದಲು ಬಯೋಸ್‌ನಲ್ಲಿ ಅದನ್ನು ಎನೇಬಲ್ ಮಾಡಬೇಕು. ಪಟ್ಟಿಯಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ, ಹಂತ 2ರಲ್ಲಿ ಬರೆದುಕೊಂಡ ಮೋಡ್‌ಗೆ ಹೊಂದುವುದನ್ನೇ ಆರಿಸಿ. ಮಿಂಟ್, ಉಬುಂಟು, ಝೋರಿನ್‌ಗೆ ನಂಬಿಕೆಯ ಸಹಿ ಇಲ್ಲದ ಸಿಸ್ಟಮ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್‌ನಲ್ಲಿ ಪರದೆ ಕಪ್ಪಾಗಿ ನಿಂತರೆ ಗಾಬರಿ ಬೇಡ. ಮತ್ತೆ ಆನ್ ಮಾಡಿ, ಮಿಂಟ್‌ನ ಮೊದಲ ಮೆನುವಿನಲ್ಲಿ "ಕಂಪ್ಯಾಟಿಬಿಲಿಟಿ ಮೋಡ್" ಆರಿಸಿ.

ಡೆಸ್ಕ್‌ಟಾಪ್ ಬಂದ ಮೇಲೆ ಒಂದೊಂದಾಗಿ ನೋಡಿ. ವೈಫೈ ಹೆಸರುಗಳು ಕಾಣುತ್ತವೆಯೇ, ಕನೆಕ್ಟ್ ಆಗುತ್ತದೆಯೇ. ಒಂದು ವಿಡಿಯೋ ಹಾಕಿ, ಸ್ಪೀಕರ್‌ನಲ್ಲೂ ಇಯರ್‌ಫೋನ್‌ನಲ್ಲೂ ಸದ್ದು ಬರುತ್ತದೆಯೇ. ಕ್ಯಾಮೆರಾ, ಮೈಕ್. ಪರದೆಯ ಬೆಳಕು ಕೀಗಳಿಂದ ಹೆಚ್ಚು ಕಡಿಮೆ ಆಗುತ್ತದೆಯೇ. ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳಿನ ಸ್ಕ್ರಾಲ್. ಲ್ಯಾಪ್‌ಟಾಪ್ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆದರೆ ಏಳುತ್ತದೆಯೇ. ಕೊನೆಯದನ್ನು ಯಾರೂ ನೋಡುವುದಿಲ್ಲ, ಆಮೇಲೆ ಅದರದ್ದೇ ದೂರು ಜಾಸ್ತಿ.

ವೈಫೈ ಕಾಣದಿದ್ದರೆ ಬ್ರಾಡ್‌ಕಾಮ್ ಅಥವಾ ಕೆಲವು ರಿಯಲ್‌ಟೆಕ್ ಚಿಪ್ ಇರಬಹುದು. ಫೋನ್ ಬೇಕಾಗುವುದು ಇಲ್ಲಿ. ಕೇಬಲ್ ಹಾಕಿ ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬಹುತೇಕ ಫೋನ್‌ಗಳು ಯಾವ ಡ್ರೈವರ್ ಇಲ್ಲದೆಯೂ ನೆಟ್ ಕೊಡುತ್ತವೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ವೈಫೈ ಡ್ರೈವರ್ ಇದೆಯೇ ಎಂದು ಅದೇ ಹುಡುಕಿ ತೋರಿಸುತ್ತದೆ.

ಕೊನೆಗೆ ಡಿಸ್ಕ್ಸ್ ಎಂಬ ಪ್ರೋಗ್ರಾಂ ತೆರೆದು ನಿಮ್ಮ ಒಳಗಿನ ಡಿಸ್ಕ್ ಪಟ್ಟಿಯಲ್ಲಿದೆಯೇ ನೋಡಿ. ಬರೀ ಪೆನ್‌ಡ್ರೈವ್ ಕಂಡರೆ ಬಯೋಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಮೋಡ್‌ನಲ್ಲಿರುವ ಸಾಧ್ಯತೆ ಇದೆ. ಅದನ್ನು ಎಎಚ್‌ಸಿಐಗೆ ಬದಲಾಯಿಸಬೇಕು. ಆದರೆ ಸುಮ್ನೆ ಹೋಗಿ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ಬಿಟ್‌ಲಾಕರ್ ಆಫ್ ಮಾಡಿ. ಆಮೇಲೆ ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಮಾಡಿ ಬಯೋಸ್‌ಗೆ ಹೋಗಿ ಮೋಡ್ ಬದಲಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಆ ಟಿಕ್ ತೆಗೆಯಿರಿ. ಈ ಸಾಲುಗಳು ಅರ್ಥವಾಗದಿದ್ದರೆ ತಿಳಿದವರನ್ನು ಜೊತೆಗೆ ಕೂರಿಸಿಕೊಂಡೇ ಮಾಡಿ.

ಹಂತ 7: ಬ್ಯಾಕಪ್, ಮತ್ತು ವಿಂಡೋಸ್ ಒಳಗಿನ ತಯಾರಿ

ಮೊದಲು ಬ್ಯಾಕಪ್. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೋ, ಟ್ಯಾಲಿ ಡೇಟಾ ಫೋಲ್ಡರ್, ಬ್ರೌಸರ್ ಪಾಸ್‌ವರ್ಡ್‌ಗಳು. "ಡಿ ಡ್ರೈವ್‌ನಲ್ಲಿದೆ, ಅದಕ್ಕೇನೂ ಆಗಲ್ಲ" ಎನ್ನುವ ಮಾತನ್ನು ಬಹಳ ಜನ ನಂಬುತ್ತಾರೆ. ಸಿ ಮತ್ತು ಡಿ ಒಂದೇ ಡಿಸ್ಕ್‌ನ ಎರಡು ಭಾಗ ಅಷ್ಟೇ. ಇಡೀ ಡಿಸ್ಕ್ ಅಳಿಸಿದರೆ ಎರಡೂ ಹೋಗುತ್ತವೆ. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ, ಬೇರೆ ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು ಒಂದೆರಡು ಫೈಲ್ ನೋಡಿ.

ಎರಡನೆಯದು ಬಿಟ್‌ಲಾಕರ್. ಸೆಟಿಂಗ್ಸ್‌ನಲ್ಲಿ "ಡಿವೈಸ್ ಎನ್‌ಕ್ರಿಪ್ಶನ್" ಆನ್ ಇದೆಯೇ ನೋಡಿ. ನೀವೇ ಆನ್ ಮಾಡದಿದ್ದರೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿ ಆನ್ ಆಗಿರುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಆಮೇಲೆ ಎನ್‌ಕ್ರಿಪ್ಶನ್ ಆಫ್ ಮಾಡಿ, ಪೂರ್ತಿ ಮುಗಿಯುವವರೆಗೆ ಕಾಯಿರಿ. ಇದನ್ನು ಬಿಟ್ಟವರು ಮರುದಿನ ನೀಲಿ ಪರದೆಯ ಮುಂದೆ ಕೂತು ಆ ಅಂಕಿಗಳನ್ನು ಹುಡುಕಬೇಕಾಗುತ್ತದೆ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಪವರ್ ಬಟನ್‌ಗಳ ಕೆಲಸ ಹೇಳುವ ಕಡೆ ಇದು ಸಿಗುತ್ತದೆ. ಆಫ್ ಮಾಡಿ. ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಏನೂ ಬರೆಯಲು ಆಗುವುದಿಲ್ಲ.

ಡ್ಯುಯಲ್ ಬೂಟ್ ಆದರೆ ನಾಲ್ಕನೆಯದೂ ಇದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಜಾಗ ಇರುವ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ "ಶ್ರಿಂಕ್ ವಾಲ್ಯೂಮ್" ಕೊಡಿ. ಮಿಂಟ್‌ಗೆ ಕನಿಷ್ಠ 20 ಜಿಬಿ ಸಾಕು ಎನ್ನುತ್ತಾರೆ. ನೀವು 60 ಬಿಡಿ, 100 ಇದ್ದರೆ ಇನ್ನೂ ಒಳ್ಳೆಯದು. ಖಾಲಿ ಬಿಟ್ಟ ಜಾಗವನ್ನು ಹಾಗೇ ಬಿಡಿ, ಹೊಸ ಡ್ರೈವ್ ಮಾಡಬೇಡಿ.

ಹಂತ 8: ಇನ್‌ಸ್ಟಾಲ್

ಕರೆಂಟ್ ನೋಡಿಕೊಂಡು ಶುರು ಮಾಡಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರುವ ಕಡೆ ಮಾಡಿ. ಡಿಸ್ಕ್ ಭಾಗ ಮಾಡುವಾಗ ಕರೆಂಟ್ ಹೋದರೆ ಡೇಟಾ ಹೋಗಬಹುದು.

ಪೆನ್‌ಡ್ರೈವ್‌ನಿಂದ ಎದ್ದ ಡೆಸ್ಕ್‌ಟಾಪ್ ಮೇಲೇ ಇನ್‌ಸ್ಟಾಲ್ ಐಕಾನ್ ಇರುತ್ತದೆ. ಭಾಷೆ ಇಂಗ್ಲಿಷ್ ಇಡಿ, ಯಾಕೆಂದರೆ ತೊಂದರೆ ಬಂದಾಗ ಸಂದೇಶವನ್ನು ಹುಡುಕಲು ಸುಲಭ. ಕೀಬೋರ್ಡ್ ಕೇಳಿದಾಗ ಕನ್ನಡ ಆರಿಸಬೇಡಿ. ಆರಿಸಿದರೆ ಪಾಸ್‌ವರ್ಡ್ ಕೂಡ ಕನ್ನಡ ಅಕ್ಷರಗಳಲ್ಲಿ ಕೂತು ಲಾಗಿನ್ ಆಗಲು ಒದ್ದಾಡುತ್ತೀರಿ. ಕನ್ನಡವನ್ನು ಆಮೇಲೆ ಸೇರಿಸೋಣ. ಇಂಗ್ಲಿಷ್ ಇಂಡಿಯಾ, ರೂಪಾಯಿ ಸಹಿತ ಎಂಬ ಲೇಔಟ್ ಆರಿಸಿದರೆ ಬಲಗಡೆ ಆಲ್ಟ್ ಜೊತೆ 4 ಒತ್ತಿದಾಗ ₹ ಬರುತ್ತದೆ, ಅಂಗಡಿಯವರಿಗೆ ಉಪಯೋಗ. ವಿಡಿಯೋ, ಹಾಡು ಓಡಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್ಸ್ ಟಿಕ್ ಮಾಡಿ.

ಈಗ ಬರುವ ಪರದೆಯಲ್ಲಿ ಅವಸರ ಬೇಡ. "ಇನ್‌ಸ್ಟಾಲ್ ಅಲಾಂಗ್‌ಸೈಡ್" ಎಂದರೆ ವಿಂಡೋಸ್ ಉಳಿಯುತ್ತದೆ. "ಇರೇಸ್ ಡಿಸ್ಕ್" ಎಂದರೆ ವಿಂಡೋಸ್, ಸಿ, ಡಿ, ರಿಕವರಿ ಎಲ್ಲವೂ ಹೋಗುತ್ತದೆ. "ಸಮ್‌ಥಿಂಗ್ ಎಲ್ಸ್" ಎಂದರೆ ಎಲ್ಲಾ ನೀವೇ ಮಾಡಬೇಕು, ಹೊಸಬರಿಗೆ ಅಲ್ಲ. ವಿಂಡೋಸ್ ಇದ್ದೂ "ಅಲಾಂಗ್‌ಸೈಡ್" ಕಾಣದಿದ್ದರೆ ಅದೇ ಅಪಾಯದ ಸೂಚನೆ. ಬೂಟ್ ಮೋಡ್ ತಪ್ಪಿದೆ, ಅಥವಾ ಬಿಟ್‌ಲಾಕರ್ ಇನ್ನೂ ಆನ್ ಇದೆ, ಅಥವಾ ಡಿಸ್ಕೇ ಕಾಣುತ್ತಿಲ್ಲ. ಇರೇಸ್ ಒತ್ತದೆ ಹೊರಗೆ ಬಂದು ಹಿಂದಿನ ಹಂತಗಳನ್ನು ನೋಡಿ.

ಮ್ಯಾಪ್‌ನಲ್ಲಿ ಕೋಲ್ಕತಾ ಆರಿಸಿ, ನಮ್ಮ ಸಮಯ ಅದೇ. ಹೆಸರು, ಪಾಸ್‌ವರ್ಡ್ ಕೊಡಿ. ಈ ಪಾಸ್‌ವರ್ಡ್ ಮುಂದೆ ಪ್ರತಿ ಸಾಫ್ಟ್‌ವೇರ್ ಹಾಕುವಾಗಲೂ ಬೇಕು, ಬರೆದಿಟ್ಟುಕೊಳ್ಳಿ.

ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್‌ಸ್ಟಾಲರ್ ಇನ್ನೊಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳಬಹುದು. ಕೊಟ್ಟು ನೆನಪಿಡಿ. ರೀಸ್ಟಾರ್ಟ್ ಆದಾಗ ನೀಲಿ ಬಣ್ಣದ "ಮಾಕ್ ಮ್ಯಾನೇಜ್‌ಮೆಂಟ್" ಪರದೆ ಬರುತ್ತದೆ, ಕೆಲವೇ ಸೆಕೆಂಡ್ ಕಾಯುತ್ತದೆ. "ಎನ್‌ರೋಲ್ ಮಾಕ್", ಆಮೇಲೆ "ಕಂಟಿನ್ಯೂ", "ಯೆಸ್", ಆ ಪಾಸ್‌ವರ್ಡ್. ಹೆದರಿ "ಕಂಟಿನ್ಯೂ ಬೂಟ್" ಒತ್ತಿದವರಿಗೆ ವೈಫೈ ಅಥವಾ ಎನ್‌ವಿಡಿಯಾ ಡ್ರೈವರ್ ಕೆಲಸ ಮಾಡದೆ ಇರಬಹುದು.

ಹಂತ 9: ಮೊದಲ ದಿನದ ಕೆಲಸ

ಆನ್ ಮಾಡಿದರೆ ನೇರ ವಿಂಡೋಸ್‌ಗೇ ಹೋಗುತ್ತಿದೆಯೇ? ಬಯೋಸ್‌ನ ಬೂಟ್ ಪಟ್ಟಿಯಲ್ಲಿ "ಉಬುಂಟು" ಎಂಬುದನ್ನು ಮೇಲಕ್ಕೆ ತನ್ನಿ. ಮಿಂಟ್ ಹಾಕಿದರೂ ಅಲ್ಲಿ ಹೆಸರು ಉಬುಂಟು ಎಂದೇ ಇರುತ್ತದೆ. ದೊಡ್ಡ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಈ ಕ್ರಮ ಮತ್ತೆ ಬದಲಾಗಬಹುದು. ಆಗಲೂ ಇದೇ ಪರಿಹಾರ.

ಗಡಿಯಾರದ್ದು ಇನ್ನೊಂದು. ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಬೆಳಿಗ್ಗೆ 10 ಗಂಟೆಗೆ ಅಲ್ಲಿ 4:30 ತೋರಿಸಬಹುದು. ಕಂಪ್ಯೂಟರ್‌ನ ಒಳಗಿನ ಗಡಿಯಾರವನ್ನು ವಿಂಡೋಸ್ ನಮ್ಮ ಸಮಯದಲ್ಲಿ ಇಡುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ ಇಡುತ್ತದೆ. ನಡುವಿನ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಒಳಗಿನ ಗಡಿಯಾರದ ಸೆಲ್ ಬದಲಾಯಿಸಲು ಅಂಗಡಿಗೆ ಓಡಬೇಡಿ. ವಿಂಡೋಸ್‌ನ ಸಮಯದ ಸೆಟಿಂಗ್‌ನಲ್ಲಿ "ಸಿಂಕ್ ನೌ" ಒತ್ತಿದರೆ ಸರಿಯಾಗುತ್ತದೆ. ಟ್ಯಾಲಿಯಲ್ಲಿ ಬಿಲ್ ಹಾಕುವ ಮೊದಲು ಇದನ್ನು ನೋಡಿಕೊಳ್ಳಿ, ಬೆಳಗಿನ ಜಾವ ಆದರೆ ತಾರೀಕೇ ಹಿಂದಿನ ದಿನದ್ದು ಬೀಳುತ್ತದೆ.

ಇನ್ನು ಮಿಂಟ್ ಒಳಗೆ. ಮೊದಲು ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಏನಾದರೂ ಕೆಟ್ಟರೆ ಆ ಸ್ಥಿತಿಗೆ ವಾಪಸ್ ಹೋಗಬಹುದು. ಅದು ಸಿಸ್ಟಮ್ ಅನ್ನು ಮಾತ್ರ ಕಾಯುತ್ತದೆ, ನಿಮ್ಮ ಫೋಟೋಗಳನ್ನು ಅಲ್ಲ. ಆಮೇಲೆ ಅಪ್‌ಡೇಟ್ ಮ್ಯಾನೇಜರ್. ಆಮೇಲೆ ಡ್ರೈವರ್ ಮ್ಯಾನೇಜರ್. ಇದೇ ಕ್ರಮ.

ಸಾಫ್ಟ್‌ವೇರ್ ಬೇಕಾದರೆ ಮೊದಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ. ಇಎಕ್ಸ್‌ಇ ಫೈಲ್ ಇಳಿಸಬೇಡಿ. ನೆಟ್‌ನಲ್ಲಿ ಕಂಡ ಆಜ್ಞೆಯನ್ನು ಅದು ಏನು ಮಾಡುತ್ತದೆ ಎಂದು ತಿಳಿಯದೆ ಟರ್ಮಿನಲ್‌ಗೆ (ಆಜ್ಞೆ ಟೈಪ್ ಮಾಡುವ ಕಿಟಕಿ) ಹಾಕಬೇಡಿ, ಅದರಲ್ಲೂ ಅದು ಪಾಸ್‌ವರ್ಡ್ ಕೇಳಿದರೆ.

ಹಂತ 10: ಕನ್ನಡ ಮತ್ತು ಹಳೇ ನುಡಿ ಫೈಲ್‌ಗಳು

ಓದುವುದಕ್ಕೆ ತೊಂದರೆ ಇಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಕನ್ನಡ ಫಾಂಟ್‌ಗಳೂ ಸಿಗುತ್ತವೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ.

ಟೈಪ್ ಮಾಡಲು ಮಿಂಟ್‌ನ ಇನ್‌ಪುಟ್ ಮೆಥಡ್ ಸೆಟಿಂಗ್‌ನಲ್ಲಿ ಬೇರೆ ಭಾಷೆಯಲ್ಲಿ ಟೈಪ್ ಮಾಡಿಸುವ ಐಬಸ್ ಹಾಕಿ, ಜೊತೆಗೆ ಭಾಷೆಗಳ ಕೀಲಿಮಣೆಗಳಿರುವ ಎಂ17ಎನ್ ಪ್ಯಾಕೇಜ್ ಹಾಕಿ. ಒಮ್ಮೆ ಲಾಗೌಟ್ ಆಗಿ ಬನ್ನಿ. ಐಬಸ್‌ನ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂದಿರುವುದನ್ನು ಸೇರಿಸಿ. ಅದೇ ನುಡಿಯ ಕೀಲಿಮಣೆ, ಒತ್ತಕ್ಷರಕ್ಕೆ ಅದೇ ಎಫ್ ಕೀ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೂ ಕಗಪ ಇದೆ, ಆದರೆ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಐಬಸ್‌ನದ್ದೇ ಹತ್ತಿರ. ವಿಂಡೋಸ್ ಗುರುತಿನ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್, ಕನ್ನಡ ಬದಲಾಗುತ್ತದೆ.

ಹಳೇ ಫೈಲ್‌ಗಳ ವಿಷಯ ಬೇರೆ. ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ವರ್ಷಗಳ ಹಿಂದೆ ಮಾಡಿದ ಕ್ರಯಪತ್ರವನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ದೊಡ್ಡಕ್ಷರಗಳು, ಅವುಗಳ ತಲೆ ಮೇಲೆ ಚುಕ್ಕಿ, ಗೆರೆ, ಟೊಪ್ಪಿ. "ಅಣ್ಣಾ, ಫೈಲೇ ಹೋಯ್ತು" ಎಂದು ಫೋನ್ ಬರುತ್ತದೆ. ಫೈಲ್ ಹೋಗಿಲ್ಲ. ಅದು ಯುನಿಕೋಡ್ (ಎಲ್ಲಾ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿದೆ, ಆ ಫಾಂಟ್ ಇಲ್ಲದ ಯಾವ ಕಂಪ್ಯೂಟರ್‌ನಲ್ಲಾದರೂ ಹೀಗೇ ಕಾಣುತ್ತದೆ. ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಲ್ಲಿ ಇಂಥ ಫೈಲ್‌ಗಳನ್ನು ಯುನಿಕೋಡ್‌ಗೆ ಬದಲಿಸಿ. ಬದಲಾದ ಪ್ರತಿಯನ್ನು ಮೂಲದ ಪಕ್ಕ ಇಟ್ಟು ಹೆಸರು, ಸರ್ವೆ ನಂಬರ್, ಮೊತ್ತ ಓದಿ ನೋಡಿ. ಮೂಲ ಫೈಲ್ ಅಳಿಸಬೇಡಿ. ಇಂಥ ಫೈಲ್ ನೂರಾರು ಇದ್ದರೆ ಈ ಕೆಲಸವನ್ನು ಹಂತ 7ಕ್ಕೂ ಮೊದಲೇ ಮುಗಿಸಿ.

ಹಂತ 11: ಪ್ರಿಂಟರ್

ಎಚ್‌ಪಿಯ ಹೆಚ್ಚಿನ ಪ್ರಿಂಟರ್‌ಗಳಿಗೆ ಎಚ್‌ಪಿಎಲ್‌ಐಪಿ ಎಂಬ ಸಾಫ್ಟ್‌ವೇರ್ ಸಾಕು. ಲೇಸರ್‌ಜೆಟ್ 1020ರಂಥ ಹಳೇ ಮಾದರಿಗೆ ಅದರ ಜೊತೆ ಒಂದು ಪ್ಲಗಿನ್ ಇಳಿಸಬೇಕು. ಅದಿಲ್ಲದಿದ್ದರೆ ಪ್ರಿಂಟ್ ಕಳಿಸಿದರೂ ಕಾಗದ ಬರುವುದಿಲ್ಲ. ಎಪ್ಸನ್, ಬ್ರದರ್ ಲಿನಕ್ಸ್ ಡ್ರೈವರ್ ಕೊಡುತ್ತವೆ. ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಸತಾಯಿಸುತ್ತದೆ. ಅದರ ಡ್ರೈವರ್ ಬಹಳ ಹಳೆಯದು, ಹೊಸ ಆವೃತ್ತಿಗಳಲ್ಲಿ ಕೂರಿಸುವುದು ಕಷ್ಟ. ದಿನಕ್ಕೆ ನೂರು ಪುಟ ತೆಗೆಯುವ ಅಂಗಡಿ ಆದರೆ ಆ ಪ್ರಿಂಟರ್ ವಿಂಡೋಸ್ ಯಂತ್ರದಲ್ಲೇ ಇರಲಿ.

ಹಂತ 12: ವಿಂಡೋಸ್ ತೆಗೆಯುವುದು ಯಾವಾಗ

ಒಂದು ತಿಂಗಳು ಲಿನಕ್ಸ್‌ನಲ್ಲೇ ಕೆಲಸ ಮಾಡಿ. ಹಂತ 1ರ ಹಾಳೆ ಪಕ್ಕದಲ್ಲಿರಲಿ, ವಿಂಡೋಸ್‌ಗೆ ಯಾಕೆ ಹೋಗಬೇಕಾಯಿತು ಎಂದು ಪ್ರತಿ ಸಲ ಅದರ ಮೇಲೆ ಬರೆಯಿರಿ. ತಿಂಗಳ ಕೊನೆಗೆ ಆ ಸಾಲುಗಳನ್ನು ನೋಡಿ. ಬರೀ ಅಭ್ಯಾಸಕ್ಕೆ ಹೋಗಿದ್ದರೆ ವಿಂಡೋಸ್ ತೆಗೆಯಬಹುದು. ಟ್ಯಾಲಿ, ಡಿಎಸ್‌ಸಿ, ಪರೀಕ್ಷೆ, ಪ್ರಿಂಟರ್ ಎಂದು ಬರೆದಿದ್ದರೆ ಅದು ಅಲ್ಲೇ ಇರಲಿ, ಡ್ಯುಯಲ್ ಬೂಟ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡುವವರು ಬಹಳ ಜನ ಇದ್ದಾರೆ. ವಿಂಡೋಸ್ 10 ಆದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾತ್ರ ಮಾಡಬೇಡಿ, ಅದನ್ನು ಲಿನಕ್ಸ್‌ನಲ್ಲೇ ಮಾಡಿ.

ತೆಗೆಯುವುದಾದರೆ ವಿಂಡೋಸ್ ಭಾಗವನ್ನು ಕೈಯಿಂದ ಅಳಿಸಲು ಹೋಗಬೇಡಿ. ಅದರ ಪಕ್ಕದ ಸಣ್ಣ ಇಎಫ್‌ಐ ಭಾಗವೂ ಹೋದರೆ ಲಿನಕ್ಸ್ ಕೂಡ ಏಳುವುದಿಲ್ಲ. ಬ್ಯಾಕಪ್ ತೆಗೆದು, ಅದೇ ಪೆನ್‌ಡ್ರೈವ್‌ನಿಂದ "ಇರೇಸ್ ಡಿಸ್ಕ್" ಕೊಟ್ಟು ಮೊದಲಿಂದ ಹಾಕುವುದೇ ಸುರಕ್ಷಿತ. ಆ ಪೆನ್‌ಡ್ರೈವ್‌ನಲ್ಲಿ ಬೇರೇನೂ ತುಂಬಬೇಡಿ, ಕಂಪ್ಯೂಟರ್ ಏಳದೆ ಹೋದ ದಿನ ಫೈಲ್ ತೆಗೆದುಕೊಳ್ಳಲು ಅದು ಬೇಕಾಗುತ್ತದೆ.